ಅಚ್ಚಾದ ಮೇಲೂ ತಿದ್ದಲು ಬರಬೇಕು

ಪ್ರೆಸ್ಸಿನಲ್ಲಿ ಅಂದವಾಗಿ ಸಿದ್ಧವಾದ ವರದಿ, ಪುಸ್ತಕ, ಕೈಪಿಡಿಗಳನ್ನು ಗ್ರಾಹಕರು ತಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ತಿದ್ದಿಕೊಳ್ಳುವಂತೆ ಮಾಡಿಕೊಡುವುದು ಹೇಗೆ? ಕನ್ನಡದಲ್ಲಿ ಈ ಕೆಲಸ ಏಕೆ ಹೆಚ್ಚು ಕಷ್ಟ, ಏಕೆ ಹೆಚ್ಚು ಅಗತ್ಯ?

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಕರ್ನಾಟಕದ ಸಹಕಾರ ಸಂಘಗಳಿಗೆ ವಾರ್ಷಿಕ ಮಹಾಸಭೆಯ ಹಂಗಾಮು. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಆ ದಿನಗಳಲ್ಲಿ ವರದಿ ಪುಸ್ತಕಗಳದ್ದೇ ಕೆಲಸ. ಸಭೆಯ ತಿಳಿವಳಿಕೆ ಪತ್ರ, ಆಡಳಿತ ಮಂಡಳಿಯ ವರದಿ, ಜಮಾ–ಖರ್ಚು, ಲಾಭ–ನಷ್ಟ, ಆಸ್ತಿ–ಜವಾಬ್ದಾರಿ ತಖ್ತೆ, ಮುಂದಿನ ಸಾಲಿನ ಅಂದಾಜು ಬಜೆಟ್, ನಿರ್ದೇಶಕರ ಭಾವಚಿತ್ರಗಳು. ಈ ಪುಸ್ತಕದ ಚೌಕಟ್ಟು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಅಂಕಿಗಳು, ಕೆಲವು ಹೆಸರುಗಳು, ನಾಲ್ಕಾರು ಪ್ಯಾರಾಗಳು. ಆದರೂ ಎಷ್ಟೋ ಕಡೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸುತ್ತಾರೆ. ಸಂಘದ ಕೈಯಲ್ಲಿ ಉಳಿದಿರುವುದು ಅಚ್ಚಾದ ಪ್ರತಿ ಮತ್ತು ಒಂದು ಪಿಡಿಎಫ್ ಮಾತ್ರ. ಕಾರ್ಯದರ್ಶಿಯ ಮೇಜಿನ ಕಂಪ್ಯೂಟರಿನಲ್ಲಿ ವರ್ಡ್ ಇದೆ, ಎಕ್ಸೆಲ್ ಇದೆ. ಕಳೆದ ವರ್ಷದ ವರದಿಯನ್ನು ಅದರಲ್ಲಿ ತೆರೆದು ಒಂದು ಹೆಸರು ಬದಲಿಸಲು ಮಾತ್ರ ಬರುವುದಿಲ್ಲ.

ಸಹಕಾರ ಸಂಘಗಳಿಗಷ್ಟೇ ಈ ತೊಂದರೆ ಇಲ್ಲ. ಕಾಲೇಜಿನ ವಿವರಣಾ ಪುಸ್ತಕ, ಆಸ್ಪತ್ರೆಯ ರೋಗಿಗಳ ಮಾಹಿತಿ ಪತ್ರ, ಸಂಸ್ಥೆಯ ನಿಯಮಾವಳಿ, ತರಬೇತಿ ಕೈಪಿಡಿ, ಲೇಖಕರ ಸ್ವಂತ ಪುಸ್ತಕ ಎಲ್ಲಕ್ಕೂ ಇದೇ ಗತಿ. ಒಂದು ದೂರವಾಣಿ ಸಂಖ್ಯೆ ಬದಲಾದರೂ ಅಂಗಡಿಗೆ ಹೋಗಬೇಕು, ಆಪರೇಟರ್ ಬಿಡುವಾಗುವ ತನಕ ಕಾಯಬೇಕು. ಅಂಗಡಿ ಮುಚ್ಚಿದ್ದರೆ ಅಥವಾ ಹಾರ್ಡ್‌ಡಿಸ್ಕ್ ಕೆಟ್ಟಿದ್ದರೆ ಮೊದಲಿನಿಂದ ಶುರು. ಗ್ರಾಹಕರು ಬರೆದು ಕೊಟ್ಟ ಮಾತುಗಳೇ ಅವರ ಕೈಗೆ ಮರಳಿ ಸಿಗದಿರುವ ಈ ಸ್ಥಿತಿ ಅನಿವಾರ್ಯವೇನಲ್ಲ. ಪುಟ ವಿನ್ಯಾಸ ಮಾಡುವವರು ಸ್ವಲ್ಪ ಮುಂಚಿತವಾಗಿ ಯೋಚಿಸಿದರೆ, ಮಾಡಿಸುವವರು ಸರಿಯಾದ ಮಾತು ಕೇಳಿದರೆ, ಸಾಧಾರಣ ಕಚೇರಿ ತಂತ್ರಾಂಶದಲ್ಲೇ ತೆರೆದು ತಿದ್ದಬಲ್ಲ ಒಂದು ಅಚ್ಚುಕಟ್ಟಾದ ಫೈಲನ್ನು ಕೊಡಲು ಸಾಧ್ಯ.

ಪಿಡಿಎಫ್ ಒಳಗೆ ಏನಿದೆ?

‘ಪಿಡಿಎಫ್ ಕೊಟ್ಟಿದ್ದೇವಲ್ಲ, ಅದನ್ನೇ ವರ್ಡ್‌ಗೆ ಮಾಡಿಕೊಳ್ಳಿ’ ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಈ ಉತ್ತರ ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ಪಿಡಿಎಫ್ ಹುಟ್ಟಿದ ಉದ್ದೇಶವನ್ನು ನೋಡಬೇಕು. ಅಡೋಬಿ ಸಂಸ್ಥೆಯ ಸಹಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯನ್ನು ಮುಂದಿಟ್ಟರು. ಒಂದು ದಾಖಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಮುದ್ರಿಸಿದರೂ ಒಂದೇ ರೀತಿ ಕಾಣಬೇಕು ಎಂಬುದು ಅದರ ಆಶಯ. 1993ರಲ್ಲಿ ಅದು ಪಿಡಿಎಫ್ ಆಗಿ ಬಂತು, 2008ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಪುಟ ಅಲುಗಾಡಬಾರದು ಎಂಬುದಕ್ಕಾಗಿಯೇ ರೂಪುಗೊಂಡ ಫೈಲು ಅದು. ಮುದ್ರಣಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆದರೆ ಸಾಮಾನ್ಯ ಪಿಡಿಎಫ್‌ನೊಳಗೆ ಪ್ಯಾರಾ ಎಂಬುದಿಲ್ಲ, ಶೀರ್ಷಿಕೆ ಎಂಬುದಿಲ್ಲ, ಕೋಷ್ಟಕವೂ ಇಲ್ಲ. ಈ ಫಾಂಟಿನ ಈ ಆಕಾರವನ್ನು ಪುಟದ ಈ ಜಾಗದಲ್ಲಿ ಇಡು ಎಂಬ ಸೂಚನೆಗಳ ಸಾಲು ಇದೆ, ಅಷ್ಟೆ. ನಮ್ಮ ಕಣ್ಣಿಗೆ ಕೋಷ್ಟಕವಾಗಿ ಕಾಣುವುದು ಅದರ ಲೆಕ್ಕದಲ್ಲಿ ಕೆಲವು ಗೆರೆಗಳು ಮತ್ತು ಅವುಗಳ ನಡುವೆ ತೇಲುವ ಅಂಕಿಗಳು. ವರ್ಡ್ 2013ರಿಂದ ಪಿಡಿಎಫ್ ಫೈಲನ್ನು ನೇರವಾಗಿ ತೆರೆಯುತ್ತದೆ. ಆದರೆ ಅದು ಮಾಡುವುದು ಊಹೆ. ಈ ಸಾಲುಗಳು ಒಂದೇ ಪ್ಯಾರಾ ಇರಬಹುದು, ಈ ದಪ್ಪಕ್ಷರ ಶೀರ್ಷಿಕೆ ಇರಬಹುದು ಎಂದು ಅಂದಾಜಿಸಿ ಜೋಡಿಸುತ್ತದೆ. ಬೇರೆ ಕೆಲವು ಪರಿವರ್ತಕಗಳು ಪುಟದ ನೋಟ ಕೆಡಬಾರದೆಂದು ಪ್ರತಿ ಸಾಲನ್ನೂ ಒಂದೊಂದು ಟೆಕ್ಸ್ಟ್ ಬಾಕ್ಸಿನಲ್ಲಿ ಕೂರಿಸಿಬಿಡುತ್ತವೆ. ಮೇಲ್ನೋಟಕ್ಕೆ ಪುಟ ತದ್ರೂಪ. ಒಂದು ಪದ ಸೇರಿಸಿದರೆ ಮಾತ್ರ ಅದು ಮುಂದಿನ ಸಾಲಿಗೆ ಹರಿಯುವುದಿಲ್ಲ, ಪೆಟ್ಟಿಗೆಯ ಹೊರಗೆ ಚಾಚಿಕೊಳ್ಳುತ್ತದೆ. ಸುಟ್ಟ ಹಪ್ಪಳವನ್ನು ಮತ್ತೆ ಹಿಟ್ಟಾಗಿ ನಾದಲು ಹೊರಟಂಥ ಕೆಲಸ ಇದು. ತಿದ್ದಬಲ್ಲ ಫೈಲು ಬೇಕಾದರೆ ಪಿಡಿಎಫ್ ಆಗುವ ಮೊದಲಿನ ಹಂತಕ್ಕೇ ಹೋಗಬೇಕು.

ಕನ್ನಡಕ್ಕೆ ಇನ್ನೊಂದು ಗೋಡೆ

ಇಂಗ್ಲಿಷ್ ದಾಖಲೆಯಾದರೆ ತೊಂದರೆ ಇಷ್ಟಕ್ಕೇ ನಿಲ್ಲುತ್ತದೆ. ಕನ್ನಡದಲ್ಲಿ ಇದರ ಕೆಳಗೆ ಇನ್ನೊಂದು ಪದರವಿದೆ, ಅದು ಅಕ್ಷರಗಳದ್ದೇ ಪದರ.

ಡಿಟಿಪಿ ಯುಗವನ್ನು ಶುರು ಮಾಡಿದ ಪೇಜ್‌ಮೇಕರ್ 1985ರಲ್ಲಿ ಬಂತು. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಕನ್ನಡದ ಪುಸ್ತಕೋದ್ಯಮ, ಪತ್ರಿಕೆಗಳು, ಸಣ್ಣ ಪ್ರೆಸ್ಸುಗಳು ದಶಕಗಳ ಕಾಲ ಅದರ ಮೇಲೆಯೇ ನಡೆದವು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಆ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಮುದ್ರಣ ಬೇರೆ ದಾರಿಯಲ್ಲಿ ಸಾಗಿತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ 256 ಮನೆಗಳಲ್ಲಿ ಕನ್ನಡದ ಆಕಾರಗಳನ್ನು ತುಂಡುತುಂಡಾಗಿ ಕೂರಿಸಿದ ಫಾಂಟುಗಳು ಬಂದವು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಈ ವಿಧಾನದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಅವು ಇರದಿದ್ದರೆ ಕನ್ನಡದ ಡಿಟಿಪಿಯೇ ಇರುತ್ತಿರಲಿಲ್ಲ.

ಆದರೆ ಈ ವಿಧಾನದಲ್ಲಿ ಫೈಲಿನೊಳಗೆ ಇರುವುದು ಕನ್ನಡವಲ್ಲ. ‘ಕನ್ನಡ’ ಎಂಬ ಪದವನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಫೈಲಿನಲ್ಲಿ ದಾಖಲಾಗುವುದು ಇಷ್ಟು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ವ್ಯಂಜನ, ಸಣ್ಣ ಕ್ಯೂ, ಮತ್ತೆ ಅದೇ ಎ. ನುಡಿ ಫಾಂಟ್ ಇರುವ ತನಕ ಅದು ಕನ್ನಡದಂತೆ ಕಾಣುತ್ತದೆ. ಫಾಂಟ್ ಇಲ್ಲದ ಗ್ರಾಹಕರ ಕಂಪ್ಯೂಟರಿನಲ್ಲಿ ತೆರೆದರೆ ಆ ವಿಚಿತ್ರ ಚಿಹ್ನೆಗಳೇ ಸಾಲುಸಾಲಾಗಿ ಎದುರಾಗುತ್ತವೆ. ಅಂಥ ಫೈಲಿನಲ್ಲಿ ಪದ ಹುಡುಕಲು ಬರುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎಯಂಥ ತೆರೆ ಓದುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಸದ್ದು. ಮೊಬೈಲಿನಲ್ಲಂತೂ ಏನೂ ಆಗುವುದಿಲ್ಲ.

ಹೀಗಾಗಿ ಕನ್ನಡದಲ್ಲಿ ‘ತಿದ್ದಬಲ್ಲ ಫೈಲು’ ಎಂದರೆ ಮೊದಲ ಷರತ್ತು ಯೂನಿಕೋಡ್. ವರ್ಡ್ ಫೈಲನ್ನೇ ಕೊಟ್ಟರೂ ಒಳಗಿನ ಅಕ್ಷರ ಹಳೆಯ ಫಾಂಟಿನದಾಗಿದ್ದರೆ ಅದು ಕೊಟ್ಟಂತಲ್ಲ.

ಪರಿವರ್ತನೆಯಲ್ಲಿ ಎಡವುವ ಜಾಗಗಳು

ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಹಲವು ಇವೆ. ನುಡಿ, ಬರಹಗಳ ಜೊತೆಗೇ ಬರುವವೂ ಇವೆ, ಅಂತರಜಾಲದಲ್ಲಿ ಉಚಿತವಾಗಿ ಸಿಗುವವೂ ಇವೆ. ಅವು ಬಹುಪಾಲು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಗುಂಡಿ ಒತ್ತಿದಲ್ಲಿಗೆ ಕೆಲಸ ಮುಗಿಯಲಿಲ್ಲ.

ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿವೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿವೆ. ‘ಅಕ್ಕಿ’ ಎಂಬುದು ಅಲ್ಲಿ ಅ, ಕಿ, ಕೆಳಗೊಂದು ಕ ಒತ್ತು. ಇಲ್ಲಿ ಅ, ಕ, ಹಲಂತ, ಕ, ಕೊನೆಗೆ ಇಕಾರ. ‘ಸೂರ್ಯ’ದಲ್ಲಿ ಅರ್ಕಾವತ್ತು ಅಲ್ಲಿ ಯ ಆದ ಮೇಲೆ ಬರುತ್ತದೆ, ಇಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ಇವನ್ನೆಲ್ಲ ಹಿಂದೆ ಮುಂದೆ ಸರಿಸಿ ಕೂರಿಸಬೇಕು. ಎರಡು ಒತ್ತಕ್ಷರ ಇರುವ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ, ಆಪರೇಟರ್ ಅವಸರದಲ್ಲಿ ಒತ್ತನ್ನು ತಪ್ಪು ಕ್ರಮದಲ್ಲಿ ಒತ್ತಿದ ಕಡೆಗಳಲ್ಲಿ ಅದು ಎಡವುತ್ತದೆ. ಎಡವಿದ ಜಾಗದಲ್ಲಿ ಚುಕ್ಕಿಗಳ ಒಂದು ಸಣ್ಣ ವೃತ್ತ ಕಾಣಿಸಿಕೊಳ್ಳುತ್ತದೆ. ಆಶ್ರಯವಿಲ್ಲದ ಸ್ವರಚಿಹ್ನೆಯ ಗುರುತು ಅದು. ಪರಿವರ್ತನೆಯಾದ ಕೂಡಲೇ ಮೊದಲು ಹುಡುಕಬೇಕಾದದ್ದು ಆ ವೃತ್ತಗಳನ್ನು.

ಎರಡನೆಯ ಅಪಾಯ ನಡುವೆ ಬರುವ ಇಂಗ್ಲಿಷ್ ಪದಗಳದು. ಬರಿಯ ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ಯಾವುದು ಕನ್ನಡ ಫಾಂಟಿನಲ್ಲಿತ್ತು, ಯಾವುದು ಇಂಗ್ಲಿಷ್ ಫಾಂಟಿನಲ್ಲಿತ್ತು ಎಂಬ ಮಾಹಿತಿ ಅಳಿದುಹೋಗುತ್ತದೆ. ಆಗ ಕಂಪನಿಯ ಹೆಸರು, ಇಮೇಲ್ ವಿಳಾಸ, ಬ್ಯಾಂಕಿನ ಐಎಫ್ಎಸ್‌ಸಿ ಸಂಖ್ಯೆ ಎಲ್ಲವೂ ಕನ್ನಡದ ಅರ್ಥಹೀನ ಅಕ್ಷರಗಳಾಗುತ್ತವೆ. ಫಾಂಟ್ ನೋಡಿಕೊಂಡು ಕನ್ನಡದ ಭಾಗವನ್ನಷ್ಟೇ ಬದಲಿಸುವ ಕ್ರಮವನ್ನು ಅನುಸರಿಸಬೇಕು. ಲೆಕ್ಕಪತ್ರ ಇರುವ ದಾಖಲೆಯಲ್ಲಿ ಈ ಎಚ್ಚರ ತಪ್ಪಿದರೆ ಹಣದ ವ್ಯವಹಾರವೇ ಕೆಡಬಹುದು.

ಮೂರನೆಯದು ಹೊರನೋಟಕ್ಕೆ ಕಾಣದ ತಪ್ಪುಗಳು. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಕಣ್ಣು ಹಿಡಿಯುವುದಿಲ್ಲ, ಹುಡುಕಾಟ ಮಾತ್ರ ಸೋಲುತ್ತದೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಒಂದು ಅಗೋಚರ ಜೋಡಕ ಚಿಹ್ನೆ ಬೇಕು. ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ‘ರ್ಯಾಂಕ್’ ಎಂದಾಗುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಟ್‌ಗೆ ವ ಒತ್ತು ಅಂಟದಿರಲು ಇನ್ನೊಂದು ಅಗೋಚರ ಚಿಹ್ನೆ ಬೇಕು. ಜೊತೆಗೆ, ಕನ್ನಡಕ್ಕೆ ತಾನಾಗಿ ಪದ ಒಡೆಯುವ ಸೌಲಭ್ಯ ಇರದ ಕಾಲದಲ್ಲಿ ಆಪರೇಟರುಗಳು ಸಾಲಿನ ಕೊನೆಗೆ ಕೈಯಿಂದಲೇ ಅಡ್ಡಗೆರೆ ಹಾಕಿ ಪದ ಒಡೆಯುತ್ತಿದ್ದರು. ಪಠ್ಯ ಹೊಸ ಅಳತೆಯ ಪುಟಕ್ಕೆ ಬಂದಾಗ ಆ ಗೆರೆಗಳು ಸಾಲಿನ ನಡುವೆ ಉಳಿದು ಪದಗಳನ್ನು ಸೀಳುತ್ತವೆ. ಇವನ್ನೆಲ್ಲ ಹುಡುಕಿ ಸರಿಮಾಡಿ, ಕೊನೆಗೆ ಒಬ್ಬರು ಕೂತು ಮೂಲದೊಂದಿಗೆ ಹೋಲಿಸಿ ಓದಲೇಬೇಕು. ಕರಡು ತಿದ್ದುವವರ ಕೆಲಸಕ್ಕೆ ಇಲ್ಲಿ ಬದಲಿ ಇಲ್ಲ.

ಮೂಲ ಫೈಲೇ ಇಲ್ಲದೆ ಅಚ್ಚಾದ ಪುಸ್ತಕವಷ್ಟೇ ಉಳಿದಿದ್ದರೆ, ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಒಸಿಆರ್ ದಾರಿ ಇದೆ. ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಕನ್ನಡವನ್ನು ಗುರುತಿಸುತ್ತದೆ. ಗೂಗಲ್ ಡ್ರೈವ್ ಮೂಲಕವೂ ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಪಠ್ಯವಾಗಿಸಬಹುದು. ಒಳ್ಳೆಯ ಮುದ್ರಣವಿದ್ದರೆ ಮತ್ತೆ ಟೈಪ್ ಮಾಡುವುದಕ್ಕಿಂತ ಬೇಗ ಆಗುತ್ತದೆ, ತಿದ್ದುವ ಕೆಲಸವಂತೂ ತಪ್ಪುವುದಿಲ್ಲ.

ಅಂದದಲ್ಲಿ ಎಷ್ಟು ಬಿಡಬೇಕು?

ಇಲ್ಲಿಗೆ ಅಕ್ಷರ ಸರಿಯಾಯಿತು. ಇನ್ನು ಪುಟ. ಪುಟ ವಿನ್ಯಾಸದ ತಂತ್ರಾಂಶವಾದ ಅಡೋಬಿ ಇನ್‌ಡಿಸೈನ್‌ನಲ್ಲಿ ಮಾಡಿದ ಪುಟವನ್ನು ವರ್ಡ್‌ನಲ್ಲಿ ಹಾಗೆಯೇ ಇಳಿಸಬೇಕೆಂಬ ಹಟ ಹಿಡಿದರೆ ಸೋಲು ಖಚಿತ. ಎರಡೂ ತಂತ್ರಾಂಶಗಳು ಸಾಲನ್ನು ಕಟ್ಟುವ ಬಗೆಯೇ ಬೇರೆ. ಡೊನಾಲ್ಡ್ ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಕ್ರಮವಿಧಿಯೊಂದು ಇಡೀ ಪ್ಯಾರಾವನ್ನು ಒಟ್ಟಿಗೆ ಗಮನಿಸಿ, ಎಲ್ಲಿ ಸಾಲು ಮುರಿದರೆ ಪದಗಳ ನಡುವಿನ ಅಂತರ ಎಲ್ಲ ಕಡೆ ಹದವಾಗಿರುತ್ತದೆ ಎಂದು ಲೆಕ್ಕ ಹಾಕುತ್ತದೆ. ಕನೂತ್ ಅವರ ಟೆಕ್ ತಂತ್ರಾಂಶ ಈ ಬಗೆಯಲ್ಲಿ ನಡೆಯುತ್ತದೆ, ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಕಂಪೋಸರ್ ಕೂಡ ಪ್ಯಾರಾವನ್ನು ಇಡಿಯಾಗಿ ನೋಡುತ್ತದೆ. ವರ್ಡ್ ಒಂದು ಸಾಲು ತುಂಬಿದೊಡನೆ ಮುಂದಿನದಕ್ಕೆ ಹೋಗುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವುದರಿಂದ, ಕಿರಿದಾದ ಕಾಲಂನಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ವರ್ಡ್‌ನಲ್ಲಿ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ.

ಆದ್ದರಿಂದ ತಿದ್ದಬಲ್ಲ ಪ್ರತಿಯಲ್ಲಿ ಎರಡು ಕಾಲಂಗಳ ಬದಲು ಒಂದೇ ಕಾಲಂ ಇಡುವುದು, ಬಲ ಅಂಚನ್ನು ಸಮ ಮಾಡದೆ ಬಿಡುವುದು ಒಳ್ಳೆಯದು. ಪುಟದಂಚಿನವರೆಗೆ ಹಬ್ಬುವ ಬಣ್ಣ, ಚಿತ್ರದ ಸುತ್ತ ಬಳಸಿ ಹರಿಯುವ ಪಠ್ಯ, ಒಂದರ ಮೇಲೊಂದು ಕೂತ ಪೆಟ್ಟಿಗೆಗಳು ಇವೆಲ್ಲ ಮುದ್ರಣದ ಪ್ರತಿಗಿರಲಿ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆಯನ್ನು ವರ್ಡ್ ಮಾಡಿಕೊಡುವುದಿಲ್ಲ, ಅದನ್ನು ಅದರಿಂದ ಬಯಸಬೇಕಾಗಿಯೂ ಇಲ್ಲ. ಸಂಸ್ಥೆಯ ಗುರುತು ಉಳಿಯಲು ಕೆಲವೇ ಸಂಗತಿ ಸಾಕು: ಶೀರ್ಷಿಕೆಯ ಬಣ್ಣ, ಅಕ್ಷರದ ಅಳತೆಗಳ ಅನುಪಾತ, ಅಂಚುಗಳ ಅಗಲ, ಲಾಂಛನದ ಜಾಗ, ಕೋಷ್ಟಕದ ಗೆರೆಗಳ ಬಗೆ. ಇವನ್ನು ಹಿಡಿದಿಟ್ಟುಕೊಂಡು ಮಿಕ್ಕದ್ದನ್ನು ಸರಳಗೊಳಿಸುವುದೇ ಇಲ್ಲಿ ವಿನ್ಯಾಸಕಾರರ ಜಾಣ್ಮೆ. ಎರಡು ಪ್ರತಿಗಳ ಕೆಲಸ ಬೇರೆ, ಆದ್ದರಿಂದ ಅವು ತದ್ರೂಪವಾಗಿರಬೇಕಿಲ್ಲ.

ಫಾಂಟಿನ ಆಯ್ಕೆ ಇನ್ನೊಂದು ಮುಖ್ಯ ನಿರ್ಧಾರ. ಪ್ರೆಸ್ಸಿನವರು ಹಣ ಕೊಟ್ಟು ತಂದ ಫಾಂಟನ್ನು ಗ್ರಾಹಕರಿಗೆ ಹಾಗೆಯೇ ಕೊಡಲು ಸಾಮಾನ್ಯವಾಗಿ ಪರವಾನಗಿ ಇರುವುದಿಲ್ಲ. ಫೈಲಿನೊಳಗೇ ಫಾಂಟನ್ನು ಹುದುಗಿಸುವ ಸೌಲಭ್ಯ ವರ್ಡ್‌ನಲ್ಲಿದೆ. ಆದರೆ ಫಾಂಟ್ ತಯಾರಿಸಿದವರು ಅದಕ್ಕೆ ಅನುಮತಿ ಕೊಟ್ಟಿರಬೇಕು. ನೋಡಲು ಮತ್ತು ಮುದ್ರಿಸಲು ಮಾತ್ರ ಅನುಮತಿ ಇರುವ ಫಾಂಟಿನಿಂದ ತಿದ್ದುವವರಿಗೆ ಪ್ರಯೋಜನವಿಲ್ಲ. ಸುಲಭದ ದಾರಿ ಎಂದರೆ ಮುಕ್ತ ಪರವಾನಗಿಯ ಫಾಂಟುಗಳು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದವು ಉಚಿತವಾಗಿ ಸಿಗುತ್ತವೆ, ಹಂಚಲೂ ಅಡ್ಡಿಯಿಲ್ಲ. ಮುದ್ರಣದ ಪ್ರತಿಗೂ ಇವನ್ನೇ ಬಳಸಿದರೆ ಎರಡೂ ಪ್ರತಿಗಳು ಒಂದೇ ಮನೆತನದವು ಎಂದು ಕಾಣುತ್ತದೆ. ಏನನ್ನೂ ಅನುಸ್ಥಾಪಿಸಲು ಬಾರದ ಕಚೇರಿಯಾದರೆ ವಿಂಡೋಸ್ ಜೊತೆಗೇ ಬರುವ ನಿರ್ಮಲ ಯುಐ ಸಾಕು. ಹಳಬರಿಗೆ ಪರಿಚಿತವಾದ ತುಂಗಾ ಫಾಂಟ್ ವಿಂಡೋಸ್ 10ರಿಂದೀಚೆಗೆ ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಇರುವುದಿಲ್ಲ, ಬೇಕಾದರೆ ಸೇರಿಸಿಕೊಳ್ಳಬೇಕು.

ಗಟ್ಟಿಯಾದ ಫೈಲು ಕಟ್ಟುವ ಬಗೆ

ತಿದ್ದಿದಾಗಲೂ ಕೆಡದ ವರ್ಡ್ ಫೈಲಿನ ಗುಟ್ಟು ಸ್ಟೈಲ್‌ಗಳಲ್ಲಿದೆ. ಮುಖ್ಯ ಶೀರ್ಷಿಕೆ, ಉಪಶೀರ್ಷಿಕೆ, ಪ್ಯಾರಾ, ಪಟ್ಟಿ, ಕೋಷ್ಟಕದ ಅಂಕಿ, ಚಿತ್ರದ ಅಡಿಬರಹ ಇವುಗಳಿಗೆ ಒಂದೊಂದು ಸ್ಟೈಲ್ ಇರಬೇಕು. ಒಂದು ಸಾಲನ್ನು ಆರಿಸಿ ದಪ್ಪ ಮಾಡಿ, ಅಳತೆ ಹೆಚ್ಚಿಸಿ, ಬಣ್ಣ ಹಾಕಿದರೆ ಅದು ಶೀರ್ಷಿಕೆಯಂತೆ ಕಾಣುತ್ತದೆ, ಶೀರ್ಷಿಕೆ ಎಂದು ವರ್ಡ್‌ಗೆ ತಿಳಿಯುವುದಿಲ್ಲ. ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನಾಗಿ ತಯಾರಾಗುತ್ತದೆ, ಪುಟದ ನೆತ್ತಿಯಲ್ಲಿ ಅಧ್ಯಾಯದ ಹೆಸರು ತಾನಾಗಿ ಬರುವಂತೆ ಮಾಡಬಹುದು, ಎಡಬದಿಯ ಫಲಕದಲ್ಲಿ ಇಡೀ ದಾಖಲೆಯ ನಕ್ಷೆ ಸಿಗುತ್ತದೆ. ನಾಳೆ ಶೀರ್ಷಿಕೆಯ ಬಣ್ಣ ಬೇಡವೆನಿಸಿದರೆ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ.

ಕನ್ನಡ ಫೈಲು ಕಟ್ಟುವವರು ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ವರ್ಡ್ ಪ್ರತಿ ಸ್ಟೈಲ್‌ನಲ್ಲೂ ಇಂಗ್ಲಿಷಿನಂಥ ಲಿಪಿಗಳಿಗೆ ಒಂದು ಫಾಂಟ್, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಪ್ರತ್ಯೇಕವಾಗಿ ನೆನಪಿಡುತ್ತದೆ. ಅಳತೆಯೂ ಬೇರೆ ಬೇರೆ. ಮೊದಲನೆಯದನ್ನಷ್ಟೇ ನಿಗದಿಪಡಿಸಿದರೆ ನಮ್ಮ ಪಠ್ಯ ವರ್ಡ್‌ಗೆ ತೋಚಿದ ಫಾಂಟಿನಲ್ಲಿ ಬರುತ್ತದೆ. ಎರಡನ್ನೂ ಹೊಂದಿಸಿಡಬೇಕು. ಸಾಲುಗಳ ಅಂತರದಲ್ಲೂ ಎಚ್ಚರ ಬೇಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಎರಡಕ್ಕೂ ಜಾಗ ಬೇಕು. ‘ಎಕ್ಸಾಕ್ಟ್‌ಲಿ’ ಎಂಬ ಆಯ್ಕೆಯಲ್ಲಿ ಅಂತರ ಕಡಿಮೆ ಕೊಟ್ಟರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ. ‘ಅಟ್ ಲೀಸ್ಟ್’ ಎಂಬುದನ್ನು ಆರಿಸಿದರೆ ಈ ತೊಂದರೆ ಇಲ್ಲ.

ಕೋಷ್ಟಕಗಳು ನಿಜವಾದ ಕೋಷ್ಟಕಗಳಾಗಿರಬೇಕು. ಸ್ಪೇಸ್ ಒತ್ತಿ ಒತ್ತಿ ಅಂಕಿಗಳನ್ನು ಒಂದರ ಕೆಳಗೊಂದು ತಂದ ಜಮಾ–ಖರ್ಚು ಒಂದು ಅಂಕಿ ಬದಲಾದರೆ ಓರೆಯಾಗುತ್ತದೆ. ತಲೆಸಾಲು ಮುಂದಿನ ಪುಟದಲ್ಲೂ ಮತ್ತೆ ಬರುವಂತೆ ಹೊಂದಿಸಿಡಬೇಕು. ಕೂಡಿಕೆ ಹೆಚ್ಚಿರುವ ಲೆಕ್ಕಪತ್ರಗಳನ್ನು ಎಕ್ಸೆಲ್‌ನಲ್ಲೇ ಮಾಡಿ ಆ ಫೈಲನ್ನೂ ಕೊಡುವುದು ಉತ್ತಮ. ಗ್ರಾಫ್‌ಗಳನ್ನು ಚಿತ್ರವಾಗಿ ಅಂಟಿಸದೆ ವರ್ಡ್‌ನ ಚಾರ್ಟ್ ಆಗಿಯೇ ಇಟ್ಟರೆ ಅದರೊಳಗಿನ ಅಂಕಿಗಳ ಹಾಳೆಯನ್ನು ತೆರೆದು ಮುಂದಿನ ವರ್ಷದ ಮೊತ್ತ ತುಂಬಿದರೆ ಸಾಕು, ಕಂಬಗಳು ತಾವೇ ಏರಿಳಿಯುತ್ತವೆ. ಚಿತ್ರಗಳು ಪಠ್ಯದ ಸಾಲಿನಲ್ಲೇ ಕೂತಿರಲಿ. ತೇಲುವ ಚಿತ್ರ ಮತ್ತು ಟೆಕ್ಸ್ಟ್ ಬಾಕ್ಸ್‌ಗಳೇ ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಅಥವಾ ಮೊಬೈಲಿನಲ್ಲಿ ತೆರೆದಾಗ ಮೊದಲು ಜಾಗ ತಪ್ಪುವುದು.

ಗ್ರಾಹಕರು ಎಲ್ಲೆಲ್ಲಿ ತಿದ್ದಬೇಕು ಎಂಬುದನ್ನೂ ಮೊದಲೇ ಯೋಚಿಸಬಹುದು. ದಿನಾಂಕ, ಸದಸ್ಯರ ಹೆಸರು, ವರ್ಷ ಇಂಥವಕ್ಕೆ ತುಂಬುವ ಜಾಗಗಳನ್ನು ಮಾಡಿಡಲು ವರ್ಡ್‌ನಲ್ಲಿ ಕಂಟೆಂಟ್ ಕಂಟ್ರೋಲ್ ಎಂಬ ಸೌಲಭ್ಯವಿದೆ. ರಿವ್ಯೂ ಪಟ್ಟಿಯ ರಿಸ್ಟ್ರಿಕ್ಟ್ ಎಡಿಟಿಂಗ್ ಮೂಲಕ, ನಿಗದಿಪಡಿಸಿದ ಸ್ಟೈಲ್‌ಗಳನ್ನು ಬಿಟ್ಟು ಬೇರೆ ಅಲಂಕಾರ ಮಾಡಲು ಬಾರದಂತೆ ತಡೆಯಲೂಬಹುದು. ಅಂದ ಕೆಟ್ಟೀತೆಂಬ ವಿನ್ಯಾಸಕಾರರ ಅಂಜಿಕೆಗೆ ಇದು ಉತ್ತರ. ಕೊಡುವ ಮೊದಲು ಇನ್ನೊಂದು ಪರೀಕ್ಷೆ ಕಡ್ಡಾಯ. ಫೈಲಿನಲ್ಲಿ ಬಳಸಿದ ಫಾಂಟ್‌ಗಳಾವುವೂ ಇಲ್ಲದ, ಗ್ರಾಹಕರ ಬಳಿ ಇರುವಂಥ ಕಂಪ್ಯೂಟರಿನಲ್ಲಿ ಫೈಲನ್ನು ತೆರೆದು, ನಡುವೆ ಒಂದು ಪ್ಯಾರಾ ಸೇರಿಸಿ, ಕೋಷ್ಟಕಕ್ಕೆ ಒಂದು ಸಾಲು ಹೆಚ್ಚಿಸಿ, ಪರಿವಿಡಿಯನ್ನು ನವೀಕರಿಸಿ ನೋಡಬೇಕು. ಅಷ್ಟಕ್ಕೆ ಕೆಡದಿದ್ದರೆ ಕೊಡಲು ಯೋಗ್ಯ.

ಕೊನೆಯ ತಿದ್ದುಪಡಿ ಎಲ್ಲಿದೆ?

ಇಷ್ಟೆಲ್ಲ ಮಾಡಿದರೂ ಕನ್ನಡ ಪುಸ್ತಕಲೋಕದಲ್ಲಿ ಒಂದು ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತಲೇ ಇರುತ್ತದೆ. ಲೇಖಕರು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಹಳೆಯ ವ್ಯವಸ್ಥೆಯ ಪ್ರೆಸ್ಸಾದರೆ ಅದನ್ನು ತಮ್ಮ ಫಾಂಟಿಗೆ ಹಿಂದಕ್ಕೆ ಬದಲಿಸಿ ಪೇಜ್‌ಮೇಕರ್‌ಗೆ ಹರಿಸುತ್ತಾರೆ. ಮೊದಲ ಪ್ರೂಫ್, ಎರಡನೆಯ ಪ್ರೂಫ್, ಕೊನೆಯ ಗಳಿಗೆಯ ಫೋನ್ ಕರೆ ಎಲ್ಲ ತಿದ್ದುಪಡಿಗಳೂ ಅಲ್ಲಿ ನಡೆಯುತ್ತವೆ. ಪುಸ್ತಕ ಬರುತ್ತದೆ. ಲೇಖಕರ ಬಳಿ ಉಳಿಯುವುದು ತಿದ್ದುಪಡಿಗೆ ಮೊದಲಿನ ಪ್ರತಿ. ಪ್ರಕಾಶಕರ ಬಳಿ ಪಿಡಿಎಫ್. ಅಂತಿಮ ಪಠ್ಯ ಇರುವುದು ಆಪರೇಟರಿನ ಕಂಪ್ಯೂಟರಿನ ಪೇಜ್‌ಮೇಕರ್ ಫೈಲಿನಲ್ಲಿ ಮಾತ್ರ. ಇನ್‌ಡಿಸೈನ್‌ನ ಹಳೆಯ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ಎರಡನೆಯ ಮುದ್ರಣವೋ ಇ–ಪುಸ್ತಕವೋ ಆಗಬೇಕೆಂದಾಗ ಒಳ್ಳೆಯ ಪಠ್ಯ ಎಲ್ಲಿಯೂ ಇಲ್ಲದಂತಾಗುತ್ತದೆ.

ಮೊಳೆ ಜೋಡಿಸುವ ಕಾಲದಲ್ಲಿ ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗಳಿಗೆ ಹಾಕಬೇಕಿತ್ತು. ಅಂದಿನವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ, ಅದೂ ಬಹಳ ಕಾಲದಿಂದ ಇದೆ. 2012ರಲ್ಲಿ ಬಂದ ಇನ್‌ಡಿಸೈನ್ ಸಿಎಸ್6ರಿಂದಲೇ ‘ವರ್ಲ್ಡ್ ರೆಡಿ ಕಂಪೋಸರ್’ ಮೂಲಕ ಕನ್ನಡ ಯೂನಿಕೋಡ್ ಪಠ್ಯವನ್ನು ನೇರವಾಗಿ ಬಳಸಬಹುದು. ವರ್ಡ್‌ನಲ್ಲಿ ಮತ್ತು ಇನ್‌ಡಿಸೈನ್‌ನಲ್ಲಿ ಸ್ಟೈಲ್‌ಗಳಿಗೆ ಒಂದೇ ಹೆಸರಿಟ್ಟರೆ ವರ್ಡ್ ಫೈಲನ್ನು ಪುಟಕ್ಕೆ ತಂದಾಗ ಶೀರ್ಷಿಕೆ ಶೀರ್ಷಿಕೆಯಾಗಿ, ಪ್ಯಾರಾ ಪ್ಯಾರಾ ಆಗಿ ತಾನೇ ಕೂರುತ್ತದೆ. ಪದಗಳ ತಿದ್ದುಪಡಿಗಳನ್ನೆಲ್ಲ ವರ್ಡ್‌ನಲ್ಲೇ ಮುಗಿಸಿ, ಆಮೇಲೆ ಪುಟ ಕಟ್ಟುವುದು ಮೊದಲ ನಿಯಮವಾಗಬೇಕು. ಪುಟ ಕಟ್ಟಿದ ಮೇಲೂ ಬರುವ ತಿದ್ದುಪಡಿಗಳನ್ನು ಎರಡೂ ಕಡೆ ಮಾಡಬೇಕು, ಇಲ್ಲವೇ ಕೊನೆಯಲ್ಲಿ ಇನ್‌ಡಿಸೈನ್‌ನಿಂದ ಆರ್‌ಟಿಎಫ್ ರೂಪದಲ್ಲಿ ಪಠ್ಯವನ್ನು ಹೊರತೆಗೆದು ವರ್ಡ್ ಪ್ರತಿಯನ್ನು ಹೊಸದು ಮಾಡಬೇಕು. ಒಂದಕ್ಕೊಂದು ಜೋಡಿಸದ ಚೌಕಟ್ಟುಗಳಲ್ಲಿ ಪಠ್ಯ ಚದುರಿದ್ದರೆ ಹೊರತೆಗೆಯುವಾಗ ಒಂದೊಂದನ್ನೇ ತೆಗೆಯಬೇಕಾಗುತ್ತದೆ. ಚೌಕಟ್ಟುಗಳನ್ನು ಮೊದಲಿನಿಂದಲೇ ಸರಪಳಿಯಾಗಿ ಜೋಡಿಸಿದ್ದರೆ ಇಡೀ ಅಧ್ಯಾಯ ಒಟ್ಟಿಗೆ ಬರುತ್ತದೆ.

ಗಣಿತ, ವಿಜ್ಞಾನದ ಬರಹಗಳನ್ನು ಟೆಕ್ ಆಧಾರಿತ ಲೇಟೆಕ್‌ನಲ್ಲಿ ಸಿದ್ಧಪಡಿಸುವವರಿಗೆ ಪ್ಯಾನ್‌ಡಾಕ್ ಎಂಬ ಉಚಿತ ತಂತ್ರಾಂಶ ನೆರವಾಗುತ್ತದೆ. ಸ್ಟೈಲ್‌ಗಳನ್ನು ಹೊಂದಿಸಿದ ಒಂದು ಮಾದರಿ ವರ್ಡ್ ಫೈಲನ್ನು ಅದಕ್ಕೆ ಕೊಟ್ಟರೆ, ಲೇಟೆಕ್ ಮೂಲವನ್ನು ಆ ಮಾದರಿಯ ಪ್ರಕಾರವೇ ವರ್ಡ್‌ಗೆ ಇಳಿಸುತ್ತದೆ. ಮಿಕ್ಕ ಸಣ್ಣಪುಟ್ಟ ಸರಿಪಡಿಕೆ ಕೈಯಿಂದ ಆಗಬೇಕು.

ಕೇಳಿ, ಕೊಡಿ

ಡಿಟಿಪಿ ವೃತ್ತಿಯವರ ಒಂದು ಆತಂಕ ನನಗೆ ಗೊತ್ತು. ತಿದ್ದಬಲ್ಲ ಫೈಲು ಕೊಟ್ಟರೆ ಗ್ರಾಹಕ ಮತ್ತೆ ಅಂಗಡಿಗೆ ಬರುವುದಿಲ್ಲ ಎಂಬ ಆತಂಕ. ಅವರ ದುಡಿಮೆಯ ಪ್ರಶ್ನೆ ಇದು, ಹಗುರವಾಗಿ ಕಾಣುವಂಥದ್ದಲ್ಲ. ಆದ್ದರಿಂದಲೇ ಈ ಕೆಲಸವನ್ನು ಪುಕ್ಕಟೆ ಕೇಳಬಾರದು. ಯೂನಿಕೋಡ್‌ಗೆ ಬದಲಿಸುವುದು, ಸ್ಟೈಲ್ ಹೊಂದಿಸುವುದು, ಕರಡು ಓದುವುದು ಇವೆಲ್ಲ ಕೌಶಲ ಬೇಡುವ ಕೆಲಸ. ಅಂದಾಜು ಪಟ್ಟಿಯಲ್ಲಿ ಇದಕ್ಕೊಂದು ಪ್ರತ್ಯೇಕ ಸಾಲು, ಪ್ರತ್ಯೇಕ ದರ ಇರಲಿ. ಪ್ರತಿವರ್ಷ ಅದೇ ವರದಿಯನ್ನು ಮತ್ತೆ ಟೈಪ್ ಮಾಡುವ ದಣಿವಿಗಿಂತ ಇದು ಗೌರವದ ಸಂಪಾದನೆ. ಹೆಸರು, ಅಂಕಿ ಬದಲಿಸಿಕೊಂಡ ಗ್ರಾಹಕರು ಒಳ್ಳೆಯ ವಿನ್ಯಾಸಕ್ಕೆ, ಒಳ್ಳೆಯ ಮುದ್ರಣಕ್ಕೆ ಮತ್ತೆ ಅಲ್ಲಿಗೇ ಬರುತ್ತಾರೆ.

ಕೆಲಸ ಮಾಡಿಸುವವರಿಗೆ ಒಂದು ವಿನಂತಿ. ಮುಂದಿನ ಬಾರಿ ವರದಿ, ಪುಸ್ತಕ, ಕೈಪಿಡಿ ಯಾವುದನ್ನೇ ಕೊಡುವಾಗ ಮುಂಗಡ ಕೊಡುವ ಮೊದಲೇ ಇಷ್ಟನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಮುದ್ರಣಕ್ಕೆ ಹೋದ ಪಿಡಿಎಫ್ ಬೇಕು. ಅದರಲ್ಲಿರುವ ಎಲ್ಲ ತಿದ್ದುಪಡಿಗಳೂ ಸೇರಿದ, ಯೂನಿಕೋಡ್ ಕನ್ನಡದ, ಸ್ಟೈಲ್‌ಗಳಿರುವ ವರ್ಡ್ ಫೈಲು ಬೇಕು. ಲೆಕ್ಕಪತ್ರಗಳ ಎಕ್ಸೆಲ್ ಫೈಲು ಬೇಕು. ಚಿತ್ರಗಳು ಮೂಲ ಗಾತ್ರದಲ್ಲಿ ಬೇಕು. ಬಳಸಿದ ಫಾಂಟುಗಳ ಹೆಸರು ಮತ್ತು ಅವು ಸಿಗುವ ಜಾಗ ಗೊತ್ತಿರಬೇಕು. ಫೈಲು ಕೈಗೆ ಬಂದ ದಿನವೇ ತೆರೆದು, ನಿಮ್ಮ ಸಂಸ್ಥೆಯ ಹೆಸರನ್ನು ಹುಡುಕಾಟದಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ಸಿಕ್ಕಿತೆಂದರೆ ಅಕ್ಷರ ಸರಿಯಾಗಿದೆ, ಸಿಗದಿದ್ದರೆ ಬಾಕಿ ಹಣ ಕೊಡುವ ಮೊದಲೇ ವಾಪಸು ಕಳಿಸಿ. ಬರೆದ ಮಾತು ಬರೆಸಿದವರದು. ಅದು ಅವರಿಗೆ ತಿದ್ದಲು ಬರುವ ರೂಪದಲ್ಲೇ ಅವರ ಕೈ ಸೇರಬೇಕು.